‘ಯಾವ ಕಾದಂಬರಿ?’ – ಐದು ಸುಳಿವಿನ ಆಟ: ನಿಯಮಗಳು, ತಕರಾರುಗಳು, ಈ ವಾರದ ಸುತ್ತುಗಳು

ಸುಳಿವುಗಾರ (ಭಾನುವಾರ)

ಕನ್ನಡದ ಹಳೆಯ ಜನಪ್ರಿಯ ಕಾದಂಬರಿಗಳ ಸುಳಿವಿನ ಆಟವನ್ನು ಮತ್ತೆ ಶುರು ಮಾಡೋಣ. ಒಬ್ಬರು ಒಂದು ಕಾದಂಬರಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಐದು ಸುಳಿವು ಕೊಡಬೇಕು, ಕಠಿಣದಿಂದ ಸುಲಭಕ್ಕೆ. ಮೊದಲ ಸುಳಿವಿಗೇ ಹೇಳಿದವರಿಗೆ 10 ಅಂಕ, ಆಮೇಲೆ 8, 6, 4, 2. ಒಂದು ಸುಳಿವಿಗೆ ಒಬ್ಬರಿಗೆ ಒಂದೇ ಊಹೆ. ತಪ್ಪಿದರೆ ಅಂಕ ಕಡಿತವಿಲ್ಲ, ಮುಂದಿನ ಸುಳಿವಿನವರೆಗೆ ಕಾಯಬೇಕು ಅಷ್ಟೆ. ಗೆದ್ದವರಿಗೆ ಮುಂದಿನ ಸರದಿ.

ಯಾವ ಪುಸ್ತಕ ಇಡಬಹುದು ಅನ್ನುವ ಪ್ರಶ್ನೆ ಪ್ರತಿ ಸಲ ಬರುತ್ತದೆ. ಎಷ್ಟು ಪ್ರತಿ ಮಾರಾಟವಾಯಿತು ಅನ್ನುವ ಲೆಕ್ಕ ನಮ್ಮಂಥ ಓದುಗರ ಕೈಗೆ ಸಿಗುವುದಿಲ್ಲ. ಆದರೆ ಪುಸ್ತಕದ ಒಳಪುಟದಲ್ಲಿ ಮುದ್ರಣಗಳ ಪಟ್ಟಿ ಇರುತ್ತದೆ. ಅದರಲ್ಲಿ ಐದನೇ ಮುದ್ರಣ ದಾಟಿದ್ದರೆ ಆಟಕ್ಕೆ ಯೋಗ್ಯ. ಜೊತೆಗೆ 2000ಕ್ಕೆ ಮೊದಲೇ ಪ್ರಕಟವಾಗಿರಬೇಕು. ಇಷ್ಟೇ ಎರಡು ಷರತ್ತು.

ಉತ್ತರವನ್ನು ಮೊದಲೇ ಒಬ್ಬ ಸಾಕ್ಷಿಗೆ ಖಾಸಗಿಯಾಗಿ ಕಳಿಸಿರಬೇಕು. ಶೀರ್ಷಿಕೆ, ಲೇಖಕರು, ಕೈಲಿರುವ ಪ್ರತಿ ಎಷ್ಟನೇ ಮುದ್ರಣ, ಐದು ಸುಳಿವೂ ಯಾವ ಪುಟದಿಂದ ಬಂದವು – ಇಷ್ಟೂ ಅದರಲ್ಲಿರಬೇಕು. ಪುಟಸಂಖ್ಯೆ ಬರೆಯುವಾಗಲೇ ಅರ್ಧ ತಪ್ಪುಗಳು ಸಿಕ್ಕಿಬೀಳುತ್ತವೆ. ನೆನಪಿನಿಂದ ಬರೆದ ಸುಳಿವು ಎಷ್ಟೋ ಸಲ ಬೇರೆ ಕಾದಂಬರಿಯದ್ದಾಗಿರುತ್ತದೆ.

ಈ ಸುತ್ತಿಗೆ ‘ಹಳೇ ಕಪಾಟು’ ಅವರು ಸಾಕ್ಷಿ.

ತೀರದ ಓದುಗಿ

‘ಆವರಣ’ ಇಡಬಹುದಾ? ಮುದ್ರಣದ ಲೆಕ್ಕದಲ್ಲಿ ಅದನ್ನು ಮೀರಿಸುವುದು ಕಷ್ಟ ಮಾರಾಯ್ರೆ.

ಸುಳಿವುಗಾರ

ಅದು 2007ರದ್ದು. ಜನಪ್ರಿಯತೆಯಲ್ಲಿ ಎರಡು ಮಾತಿಲ್ಲ, ಆದರೆ ‘ಹಳೆಯ’ ಅನ್ನುವ ಗೆರೆ ದಾಟುತ್ತದೆ. ಹೊಸ ಕಾದಂಬರಿಗಳಿಗೆ ಪ್ರತ್ಯೇಕ ಸುತ್ತು ಮಾಡೋಣ. ಅವುಗಳ ಬಗ್ಗೆ ಅಂತರ್ಜಾಲದಲ್ಲಿ ಎಷ್ಟು ಬರಹಗಳಿವೆಯೆಂದರೆ, ಯಾವ ಸುಳಿವು ಕೊಟ್ಟರೂ ಎರಡು ನಿಮಿಷದಲ್ಲಿ ಹುಡುಕಿ ತೆಗೆಯಬಹುದು.

ದೂರದೂರು

ಒಂದು ಕೋರಿಕೆ. ಮೂರು ಗಂಟೆಗೊಂದು ಸುಳಿವು ಬಂದರೆ ಅಮೆರಿಕದಲ್ಲಿರುವವರು ಏಳುವಷ್ಟರಲ್ಲಿ ಆಟ ಮುಗಿದಿರುತ್ತದೆ. ದಿನಕ್ಕೊಂದೇ ಸುಳಿವು, ಭಾರತದ ರಾತ್ರಿ 9ಕ್ಕೆ ಹಾಕಿದರೆ ಎಲ್ಲರಿಗೂ ಅನುಕೂಲ. ಆಗ ದುಬೈಯಲ್ಲಿ ಸಂಜೆ 7.30. ಲಂಡನ್ನಿನಲ್ಲಿ ಬೇಸಿಗೆಯಾದರೆ 4.30, ಚಳಿಗಾಲವಾದರೆ 3.30. ನ್ಯೂಜೆರ್ಸಿಯಲ್ಲಿ ಬೇಸಿಗೆಗೆ ಬೆಳಿಗ್ಗೆ 11.30, ಚಳಿಗಾಲಕ್ಕೆ 10.30. ಎಲ್ಲರೂ ಎಚ್ಚರವಾಗಿರುವ ಹೊತ್ತು ಇದೊಂದೇ.

ಸುಳಿವುಗಾರ

ಒಪ್ಪಿದೆ. ಸೋಮವಾರದಿಂದ ಶುಕ್ರವಾರ, ರಾತ್ರಿ 9. ಶನಿವಾರ ಚರ್ಚೆ.

ಹಳೇ ಕಪಾಟು

ಸಾಕ್ಷಿಯಾಗಿ ಒಂದು ಮಾತು. ತಿದ್ದಿದ ಊಹೆ ಲೆಕ್ಕಕ್ಕಿಲ್ಲ. ವಾಟ್ಸ್ಯಾಪಿನಲ್ಲಿ ಕಳಿಸಿದ ಸಂದೇಶವನ್ನು 15 ನಿಮಿಷ ತಿದ್ದಬಹುದು, ಟೆಲಿಗ್ರಾಂನಲ್ಲಿ ಇನ್ನೂ ಹೆಚ್ಚು ಹೊತ್ತು. ಕಾಗುಣಿತ ಸರಿಮಾಡಲು ತಿದ್ದಿದರೂ ‘ತಿದ್ದಲಾಗಿದೆ’ ಗುರುತು ಬಂದರೆ ಆ ಊಹೆ ರದ್ದು. ‘ಹೆಗ್ಗಡಿತಿ’ ಬದಲು ‘ಹೆಗ್ಗಡತಿ’ ಬರೆದರೆ ನಾವೇನೂ ಅಂಕ ಕತ್ತರಿಸುವುದಿಲ್ಲ, ಹಾಗಾಗಿ ತಿದ್ದುವ ಅಗತ್ಯವೇ ಇಲ್ಲ.

ಸುಳಿವುಗಾರ (ಸೋಮವಾರ, ರಾತ್ರಿ 9)

ಮೊದಲ ಸುತ್ತು, ಸುಳಿವು 1: ಜೇನಿನ ಸಲುವಾಗಿ ಹೋದಲ್ಲಿಂದ ಕಥೆ ಶುರು. ಆಮೇಲಿನ ಹುಡುಕಾಟ ಮಾತ್ರ ಬೇರೆ ಏನಕ್ಕೋ.

ಬೆಳವಲದ ಓದು

ಕಾಡು, ಜೇನು ಅಂದ್ರ ‘ಬೆಟ್ಟದ ಜೀವ’?

ಸುಳಿವುಗಾರ

ಅಲ್ಲ.

ಸುಳಿವುಗಾರ (ಮಂಗಳವಾರ, ರಾತ್ರಿ 9)

ಸುಳಿವು 2: ಕಥೆಯನ್ನು ‘ನಾನು’ ಎಂದೇ ಹೇಳಲಾಗಿದೆ. ಹೇಳುವವನು ಕೃಷಿಕ.

ತೀರದ ಓದುಗಿ

‘ನಾನು’ ಎಂದರೆ ಮೊದಲು ಕಾರಂತರೇ ನೆನಪಾಗುವುದು. ‘ಬೆಟ್ಟದ ಜೀವ’, ‘ಮೂಕಜ್ಜಿಯ ಕನಸುಗಳು’, ‘ಅಳಿದ ಮೇಲೆ’ ಮೂರರಲ್ಲೂ ಕಥೆ ಹೇಳುವವರು ‘ನಾನು’. ‘ಮೂಕಜ್ಜಿ’ಯ ಸುಬ್ಬರಾಯ ಊರಲ್ಲೇ ಇರುವವನು. ಆದರೆ ಅಲ್ಲಿ ಜೇನು ಎಲ್ಲಿ ಉಂಟು? ಈ ಸಲ ಊಹೆ ಹಾಕುವುದಿಲ್ಲ.

ಬೆಳವಲದ ಓದು

‘ಜುಗಾರಿ ಕ್ರಾಸ್’?

ಸುಳಿವುಗಾರ

ಅಲ್ಲ. ಲೇಖಕರ ಮನೆ ಬಾಗಿಲು ತಟ್ಟಿದ್ದೀರಿ, ಕೋಣೆ ಬೇರೆ.

ಹಳೇ ಕಪಾಟು

ಸುಳಿವುಗಾರರೆ, ಇದು ಆಗಬಾರದು. ‘ಹತ್ತಿರ ಬಂದಿರಿ’, ‘ಮನೆ ಬಾಗಿಲು’ ಇವೆಲ್ಲ ಲೆಕ್ಕಕ್ಕೆ ಬಾರದ ಸುಳಿವುಗಳು. ಇದನ್ನು ಓದಿದವರಿಗೆಲ್ಲ ಲೇಖಕರ ಹೆಸರು ಪುಕ್ಕಟೆ ಸಿಕ್ಕಿತು. ‘ಸರಿ’, ‘ಅಲ್ಲ’ – ಎರಡೇ ಮಾತು ಸಾಕು.

ಸುಳಿವುಗಾರ

ನನ್ನ ತಪ್ಪು, ಒಪ್ಪಿದೆ. ಹೀಗಾಗಿ ಈ ಸುತ್ತಿನಲ್ಲಿ ಮೂರನೇ ಸುಳಿವಿಗೆ 6 ಅಲ್ಲ, 4 ಅಂಕ.

ಸುಳಿವುಗಾರ (ಬುಧವಾರ, ರಾತ್ರಿ 9)

ಸುಳಿವು 3: ಒಂದು ನಾಯಿ ಇದೆ. ಅದರ ಹೆಸರು ದೇಹದ ಒಂದು ಅಂಗ.

ಮಲೆನಾಡ ಮಳೆ

ಕಿವಿ! ‘ಕರ್ವಾಲೊ’, ಪೂರ್ಣಚಂದ್ರ ತೇಜಸ್ವಿ, 1980.

ಸುಳಿವುಗಾರ

ಸರಿ. ‘ಮಲೆನಾಡ ಮಳೆ’ಗೆ 4 ಅಂಕ. ನಾಲ್ಕನೆಯದು ಮಂದಣ್ಣನ ಬಗ್ಗೆ ಇತ್ತು, ಐದನೆಯದು ಹಾರುವ ಓತಿ.

ತೀರದ ಓದುಗಿ

ನಾಯಿ ಸುಳಿವು ತುಂಬ ಚಂದ ಇತ್ತು. ‘ಒಂದು ನಾಯಿ ಇದೆ’ ಎಂದು ಮಾತ್ರ ಹೇಳಿ ನಿಲ್ಲಿಸಿದ್ದರೆ ನಾನು ‘ಮಲೆಗಳಲ್ಲಿ ಮದುಮಗಳು’ ಎಂದೇ ಹೇಳುತ್ತಿದ್ದೆ, ಗುತ್ತಿಯ ಜೊತೆ ‘ಹುಲಿಯ’ ಎಂಬ ನಾಯಿ ಇದೆಯಲ್ಲ. ‘ಕಾನೂರು ಹೆಗ್ಗಡಿತಿ’ಯಲ್ಲೂ ಮನೆ ತುಂಬ ನಾಯಿಗಳು. ‘ಅಂಗದ ಹೆಸರು’ ಎಂಬ ಒಂದು ತಿರುವು ಅವನ್ನೆಲ್ಲ ಪಕ್ಕಕ್ಕೆ ಸರಿಸಿತು. ಅದೂ ಪುಸ್ತಕ ಓದಿದವರಿಗೆ ಮಾತ್ರ. ಕಥಾಸಾರಾಂಶ ಓದಿದವರಿಗೆ ನಾಯಿಯ ಹೆಸರು ಸಿಗುವುದಿಲ್ಲ.

ಮಲೆನಾಡ ಮಳೆ (ಗುರುವಾರ, ರಾತ್ರಿ 9)

ಎರಡನೇ ಸುತ್ತು ನನ್ನದು. ಸಾಕ್ಷಿಗೆ ಉತ್ತರ ಕಳಿಸಿದ್ದೇನೆ.

ಸುಳಿವು 1: ಊರಿಗೆ ಪ್ಲೇಗು ಬರುತ್ತದೆ.

ಬೆಳವಲದ ಓದು

‘ಗೃಹಭಂಗ’.

ದೂರದೂರು

‘ಸಂಸ್ಕಾರ’.

ಮಲೆನಾಡ ಮಳೆ (ಶುಕ್ರವಾರ, ರಾತ್ರಿ 9)

ನಿನ್ನೆಯ ಎರಡರಲ್ಲಿ ಸರಿ ಯಾವುದು ಎಂದು ಈಗಲೇ ಹೇಳುವುದಿಲ್ಲ. ಸುಳಿವು 2: ಜನ ಮನೆಗಳನ್ನು ಬಿಟ್ಟು ಹೋಗುತ್ತಾರೆ.

ಹಳೇ ಕಪಾಟು

ಸುತ್ತು ನಿಲ್ಲಿಸಿ ಎನ್ನಬೇಕಾಗಿದೆ, ಕ್ಷಮಿಸಿ. ಮೊದಲನೆಯದಾಗಿ, ‘ಸರಿ’ ಅಥವಾ ‘ಅಲ್ಲ’ ಎಂದು ಆ ದಿನವೇ ಹೇಳಲೇಬೇಕು. ಸರಿ ಉತ್ತರ ಬಂದ ಮೇಲೂ ಆಟ ಮುಂದುವರಿದರೆ 10 ಅಂಕ ಯಾರದು? ಎರಡನೆಯದಾಗಿ, ಎರಡನೇ ಸುಳಿವೂ ಅದೇ ಎರಡು ಪುಸ್ತಕಕ್ಕೆ ಹೊಂದುತ್ತದೆ. ‘ಗೃಹಭಂಗ’ದಲ್ಲಿ ಊರವರು ಹೊರಗೆ ಗುಡಿಸಲು ಹಾಕಿಕೊಳ್ಳುತ್ತಾರೆ, ‘ಸಂಸ್ಕಾರ’ದಲ್ಲಿ ಅಗ್ರಹಾರದವರು ಹೊರಡುತ್ತಾರೆ. ಸುಳಿವು ಬಂದರೂ ಆಟ ಒಂದು ಹೆಜ್ಜೆ ಮುಂದೆ ಹೋಗಲಿಲ್ಲ.

ಮಲೆನಾಡ ಮಳೆ

ಒಪ್ಪುತ್ತೇನೆ. ಉತ್ತರ ‘ಸಂಸ್ಕಾರ’. ಮೂರನೆಯದು ‘ಕಥೆ ನಡೆಯುವುದು ಕೆಲವೇ ದಿನಗಳಲ್ಲಿ’ ಎಂದಿತ್ತು. ‘ಗೃಹಭಂಗ’ದ ನಂಜಮ್ಮನ ಕಥೆ ವರ್ಷಗಟ್ಟಲೆ ಹರಡಿಕೊಂಡದ್ದು, ಆದ್ದರಿಂದ ಅಲ್ಲಿ ಎರಡೂ ಬೇರೆಯಾಗುತ್ತಿದ್ದವು.

ಹಳೇ ಕಪಾಟು

ಆ ಮೂರನೆಯದನ್ನೇ ಎರಡನೆಯದಾಗಿ ಇಟ್ಟಿದ್ದರೆ ಅದ್ಭುತ ಸುತ್ತಾಗುತ್ತಿತ್ತು. ದೂರದೂರು ಅವರಿಗೆ 10 ಅಂಕ ಬರೆದುಕೊಂಡಿದ್ದೇನೆ, ಮೊದಲ ದಿನವೇ ಸರಿ ಹೇಳಿದ್ದಾರೆ.

ಸುಳಿವು ಬರೆಯುವ ಒಂದು ಕ್ರಮ ಹೇಳುತ್ತೇನೆ, ಹೊಸಬರಿಗೂ ಉಪಯೋಗವಾಗಲಿ. ಒಂದು ಹಾಳೆಯಲ್ಲಿ ನಿಮ್ಮ ಉತ್ತರ ಬರೆಯಿರಿ. ಅದರ ಪಕ್ಕದಲ್ಲಿ ಅದಕ್ಕೆ ‘ಎದುರಾಳಿ’ ಆಗಬಲ್ಲ ಎಂಟು ಹತ್ತು ಕಾದಂಬರಿಗಳನ್ನು ಬರೆಯಿರಿ: ಅದೇ ಸೀಮೆ, ಅದೇ ಕಾಲ, ಅದೇ ಸಮಸ್ಯೆ, ಅದೇ ಲೇಖಕರು. ಈಗ ಒಂದೊಂದು ಸುಳಿವಿಗೂ ಎಷ್ಟು ಎದುರಾಳಿಗಳು ಉಳಿಯುತ್ತವೆ ಎಂದು ಎಣಿಸಿ. ಮೊದಲ ಸುಳಿವಿಗೆ ಎಂಟು ಉಳಿದರೂ ಅಡ್ಡಿಯಿಲ್ಲ. ಎರಡನೆಯದಕ್ಕೆ ನಾಲ್ಕು, ಮೂರನೆಯದಕ್ಕೆ ಎರಡು. ನಾಲ್ಕನೆಯದಕ್ಕೆ ಒಂದೂ ಉಳಿಯಬಾರದು, ಓದಿದವರಿಗೆ ಅಲ್ಲಿ ಉತ್ತರ ಸಿಗಲೇಬೇಕು. ಐದನೆಯದು ಓದದವರಿಗೆ: ಪ್ರಶಸ್ತಿ, ಸಿನಿಮಾ, ಮುಖ್ಯ ಪಾತ್ರದ ಹೆಸರು. ಹಿಂದಿನದು ಉಳಿಸಿದ ಎದುರಾಳಿಗಳಲ್ಲಿ ಅರ್ಧದಷ್ಟನ್ನಾದರೂ ಹೊರಹಾಕದ ಸುಳಿವನ್ನು ಹರಿದು ಹಾಕಿ.

ಒಂದು ಪರೀಕ್ಷೆ ಮಾಡಿ ನೋಡಿ. ‘ಹಳ್ಳಿ, ಬ್ರಾಹ್ಮಣ ಮನೆತನ, ಒಬ್ಬ ವಿಧವೆ’ ಎಂಬ ಸುಳಿವು ಕೇಳಲು ಚೆನ್ನಾಗಿದೆ. ಅದು ‘ಫಣಿಯಮ್ಮ’ಕ್ಕೆ ಹೊಂದುತ್ತದೆ, ‘ಮೂಕಜ್ಜಿಯ ಕನಸುಗಳು’ಗೆ ಹೊಂದುತ್ತದೆ, ‘ಗೃಹಭಂಗ’ದ ಗಂಗಮ್ಮನಿಗೂ ಹೊಂದುತ್ತದೆ. ನಂಜನಗೂಡನ್ನು ಸ್ವಲ್ಪ ಉದಾರವಾಗಿ ಹಳ್ಳಿ ಎಂದುಕೊಂಡರೆ ‘ವಂಶವೃಕ್ಷ’ದ ಕಾತ್ಯಾಯಿನಿಯೂ ಬರುತ್ತಾಳೆ. ‘ಬಾಲ್ಯದಲ್ಲೇ ವಿಧವೆ’ ಎಂದರೆ ಕಾತ್ಯಾಯಿನಿ, ಗಂಗಮ್ಮ ಹೋದರು. ಫಣಿಯಮ್ಮ, ಮೂಕಜ್ಜಿ ಉಳಿದರು. ‘ಅವಳ ಕೈಯಲ್ಲಿ ಊರಿನ ಎಷ್ಟೋ ಹೆರಿಗೆಗಳು ಆದವು’ ಎಂದರೆ ಫಣಿಯಮ್ಮ ಒಬ್ಬಳೇ. ಮೂರು ಹೆಜ್ಜೆ, ಮೂರೂ ಪುಸ್ತಕದ ಒಳಗಿನವು.

ಬೆಳವಲದ ಓದು

ಇದು ಛಲೋ ಅದ. ತೇಜಸ್ವಿಯವರಿಗೂ ಹಿಂಗ ಆಗ್ತದ ನೋಡ್ರಿ. ‘ಏಲಕ್ಕಿ’ ಅಂದ ಕೂಡಲೇ ಅರ್ಧ ಮಂದಿ ‘ಜುಗಾರಿ ಕ್ರಾಸ್’ ಅಂತಾರ, ಅರ್ಧ ಮಂದಿ ‘ಚಿದಂಬರ ರಹಸ್ಯ’. ಬೇಲೂರು, ವಿಷ್ಣುವರ್ಧನ ಅಂದ್ರ ಕೆ.ವಿ. ಅಯ್ಯರ್ ಅವರ ‘ಶಾಂತಲಾ’ನೂ ಹೌದು, ಸಿ.ಕೆ. ನಾಗರಾಜರಾಯರ ‘ಪಟ್ಟಮಹಾದೇವಿ ಶಾಂತಲದೇವಿ’ನೂ ಹೌದು. ಐತಿಹಾಸಿಕ ಕಾದಂಬರಿಗೆ ಅರಸರ ಹೆಸರು, ಊರಿನ ಹೆಸರು ಸುಳಿವಾಗೋದಿಲ್ಲ. ಅದು ಇತಿಹಾಸದ ಪ್ರಶ್ನೆ ಆಗ್ತದ, ಕಾದಂಬರಿದ್ದಲ್ಲ.

ತೀರದ ಓದುಗಿ (ಶನಿವಾರ)

ಅಕ್ಷರ ಸುಳಿವಿನ ಬಗ್ಗೆ ಒಂದು ತೀರ್ಮಾನ ಆಗಬೇಕು. ಹಿಂದೊಂದು ಸುತ್ತಿನಲ್ಲಿ ಯಾರೋ ‘ಮ – ಮ’ ಎಂದು ಎರಡು ಪದಗಳ ಮೊದಲಕ್ಷರ ಕೊಟ್ಟಿದ್ದರು. ‘ಮರಳಿ ಮಣ್ಣಿಗೆ’ಯೂ ಮ – ಮ, ‘ಮಲೆಗಳಲ್ಲಿ ಮದುಮಗಳು’ ಕೂಡ ಮ – ಮ. ಎರಡೂ ದೊಡ್ಡ ಕಾದಂಬರಿ, ಎರಡರಲ್ಲೂ ಮಳೆ, ಮಣ್ಣು, ಮದುವೆ ಎಲ್ಲ ಉಂಟು. ಜಗಳ ಮೂರು ದಿನ ನಡೆಯಿತು.

ಹಳೇ ಕಪಾಟು

ಮೊದಲಕ್ಷರ ಕೊಡುವುದಾದರೆ ಅಕ್ಷರಗಳ ಎಣಿಕೆಯನ್ನೂ ಕೊಡಬೇಕು. ‘ಮರಳಿ ಮಣ್ಣಿಗೆ’ 3 + 3. ‘ಮಲೆಗಳಲ್ಲಿ ಮದುಮಗಳು’ 5 + 5.

ಎಣಿಸುವ ಕ್ರಮವನ್ನೂ ಹೇಳಿಬಿಡುತ್ತೇನೆ, ಇದರಲ್ಲಿ ಬಹಳ ಜನ ಎಡವುತ್ತಾರೆ. ಎಣಿಸಬೇಕಾದದ್ದು ಉಚ್ಚಾರದ ಅಕ್ಷರವನ್ನು, ಕೀಲಿಮಣೆಯ ಒತ್ತುಗಳನ್ನಲ್ಲ. ಒತ್ತಕ್ಷರ ತನ್ನ ಮೂಲ ಅಕ್ಷರದೊಂದಿಗೆ ಸೇರಿ ಒಂದು. ಅನುಸ್ವಾರಕ್ಕೆ ಪ್ರತ್ಯೇಕ ಲೆಕ್ಕವಿಲ್ಲ. ‘ಸಂಸ್ಕಾರ’ ಅಂದರೆ ಸಂ–ಸ್ಕಾ–ರ, ಮೂರು. ಇದನ್ನೇ ಗಣಕದಲ್ಲಿ ಎಣಿಸಿದರೆ ಏಳು ಎಂದು ತೋರಿಸುತ್ತದೆ, ಏಕೆಂದರೆ ಅದು ಸೊನ್ನೆ, ಒತ್ತು, ದೀರ್ಘ ಎಲ್ಲವನ್ನೂ ಬಿಡಿಬಿಡಿಯಾಗಿ ಎಣಿಸುತ್ತದೆ. ಅರ್ಕಾವೊತ್ತು ಇರುವಲ್ಲಿ ಇನ್ನೂ ಗೊಂದಲ: ‘ದುರ್ಗಾಸ್ತಮಾನ’ ದು–ರ್ಗಾ–ಸ್ತ–ಮಾ–ನ, ಐದು. ‘ಕರ್ವಾಲೊ’ ಮೂರು.

ಮಲೆನಾಡ ಮಳೆ

ಭೈರಪ್ಪನವರ ಕಾದಂಬರಿಗಳಿಗೆ ಅಕ್ಷರ ಎಣಿಕೆ ಅಷ್ಟಾಗಿ ಕೆಲಸಕ್ಕೆ ಬರುವುದಿಲ್ಲ. ಎರಡಕ್ಷರದವೇ ಎಷ್ಟು ನೋಡಿ: ದಾಟು, ಪರ್ವ, ನೆಲೆ, ಸಾಕ್ಷಿ, ಅಂಚು, ತಂತು, ಸಾರ್ಥ, ಮಂದ್ರ, ಯಾನ. ಒಂಬತ್ತು! ನಾಲ್ಕಕ್ಷರಕ್ಕೆ ಹೋದರೆ ವಂಶವೃಕ್ಷ, ಗೃಹಭಂಗ, ಜಲಪಾತ, ಮತದಾನ, ಅನ್ವೇಷಣ, ಆವರಣ. ಅವರ ಕೃತಿ ಇಟ್ಟರೆ ಅಕ್ಷರ ಬಿಟ್ಟು ವಸ್ತುವಿಗೆ ಹೋಗುವುದೇ ಸರಿ. ‘ಶೀರ್ಷಿಕೆ ಒಂದು ಜನಪದ ಹಾಡಿನ ಸಾಲು’ ಎಂದರೆ ‘ತಬ್ಬಲಿಯು ನೀನಾದೆ ಮಗನೆ’, ಗೋವಿನ ಹಾಡು ಗೊತ್ತಿದ್ದವರಿಗೆ ಹೊಳೆಯುತ್ತದೆ. ಇಷ್ಟು ಚಂದದ ಸುಳಿವನ್ನು ಶೀರ್ಷಿಕೆಯೇ ಕೊಡುವುದು ಅಪರೂಪ.

ದೂರದೂರು

ಒಂದೇ ಶೀರ್ಷಿಕೆ ಇಬ್ಬರದ್ದಾದರೆ? ‘ಮುಕ್ತಿ’ ಎಂಬ ಕಾದಂಬರಿ ತ್ರಿವೇಣಿಯವರದ್ದೂ ಇದೆ, ಶಾಂತಿನಾಥ ದೇಸಾಯಿಯವರದ್ದೂ ಇದೆ.

ಹಳೇ ಕಪಾಟು

ಅದಕ್ಕೇ ಊಹೆಯಲ್ಲಿ ಶೀರ್ಷಿಕೆ, ಲೇಖಕ ಎರಡೂ ಇರಬೇಕು. ಲೇಖಕರ ಹೆಸರು ತಪ್ಪಾದರೆ ಅರ್ಧ ಅಂಕ. ‘ಮುಕ್ತಿ’ಯಂಥ ಜೋಡಿಗಳಲ್ಲಿ ಲೇಖಕ ತಪ್ಪಿದರೆ ಸೊನ್ನೆ.

ತೀರದ ಓದುಗಿ

ನಾವು ಮಾತಾಡುತ್ತಿರುವ ಪುಸ್ತಕಗಳನ್ನು ಒಮ್ಮೆ ನೋಡಿ. ಕುವೆಂಪು, ಕಾರಂತ, ಭೈರಪ್ಪ, ಅನಂತಮೂರ್ತಿ, ತೇಜಸ್ವಿ. ಎಲ್ಲ ದೊಡ್ಡವರು, ಸಂಶಯ ಇಲ್ಲ. ಆದರೆ ‘ಜನಪ್ರಿಯ’ ಎಂದು ಆಟದ ಹೆಸರಲ್ಲಿ ಇಟ್ಟ ಮೇಲೆ ಬಾಡಿಗೆ ಗ್ರಂಥಾಲಯಗಳಲ್ಲಿ ಹೊದಿಕೆ ಹರಿಯುವವರೆಗೆ ಓದಿಸಿಕೊಂಡ ಕಾದಂಬರಿಗಳು ಎಲ್ಲಿ? ತ್ರಿವೇಣಿ 1963ರಲ್ಲಿ ತೀರಿಕೊಂಡಾಗ ಅವರಿಗೆ ಬರೀ 34 ವರ್ಷ, ಅಷ್ಟರಲ್ಲಿ ಇಪ್ಪತ್ತರಷ್ಟು ಕಾದಂಬರಿ ಬರೆದಿದ್ದರು. ಎಂ.ಕೆ. ಇಂದಿರಾ, ವಾಣಿ, ಅನುಪಮಾ ನಿರಂಜನ, ಎಚ್.ಜಿ. ರಾಧಾದೇವಿ, ಸಾಯಿಸುತೆ. ಅನಕೃ, ತರಾಸು, ಕೃಷ್ಣಮೂರ್ತಿ ಪುರಾಣಿಕ, ಟಿ.ಕೆ. ರಾಮರಾವ್. ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಇವರನ್ನೆಲ್ಲ ಓದಿದ ಜನ ಸಾವಿರಾರು. ಮೂರು ಸುತ್ತಿಗೆ ಒಂದಾದರೂ ಈ ಕಡೆಯದು ಇರಲೇಬೇಕು.

ಸುಳಿವುಗಾರ

ಪೂರ್ತಿ ಒಪ್ಪುತ್ತೇನೆ, ನಿಯಮವಾಗಿ ಸೇರಿಸುತ್ತೇನೆ. ಒಂದು ತೊಂದರೆ ಮಾತ್ರ ಇದೆ. ಇವುಗಳಲ್ಲಿ ಹೆಚ್ಚಿನವು ಸಿನಿಮಾ ಆದವು. ಸುಳಿವು ಕೊಡುವವರು ಗೊತ್ತಿಲ್ಲದೆಯೇ ಸಿನಿಮಾದ ದೃಶ್ಯ ಬರೆದುಬಿಡುತ್ತಾರೆ.

ಹಳೇ ಕಪಾಟು

ಇದರ ಬಗ್ಗೆ ಬಿಗಿಯಾಗಿಯೇ ಇರಬೇಕು ಎಂಬುದು ನನ್ನ ಅಭಿಪ್ರಾಯ. ಸುಳಿವನ್ನು ಪುಸ್ತಕ ತೆರೆದು ಬೆರಳಿಟ್ಟು ತೋರಿಸಲು ಆಗಬೇಕು. ಸಿನಿಮಾ ನೋಡಿ ಬರೆದ ಸುಳಿವಿಗೆ ಪುಟಸಂಖ್ಯೆ ಇರುವುದಿಲ್ಲ.

‘ನಾಗರಹಾವು’ ಒಳ್ಳೆಯ ಉದಾಹರಣೆ. 1972ರ ಪುಟ್ಟಣ್ಣ ಕಣಗಾಲರ ಚಿತ್ರ ತರಾಸು ಅವರ ಮೂರು ಕಾದಂಬರಿಗಳನ್ನು ಸೇರಿಸಿ ಮಾಡಿದ್ದು: ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪ ಮತ್ಸರ’. ಚಿತ್ರದ ಒಂದು ಪ್ರಸಂಗವನ್ನು ಸುಳಿವಾಗಿ ಕೊಟ್ಟರೆ ಅದು ಮೂರರಲ್ಲಿ ಯಾವುದರದ್ದು? 1993ರ ‘ಆಕಸ್ಮಿಕ’ವೂ ಹಾಗೆಯೇ, ‘ಆಕಸ್ಮಿಕ’, ‘ಅಪರಾಧಿ’, ‘ಪರಿಣಾಮ’ ಮೂರೂ ಸೇರಿದ್ದು. ಇಂಥಲ್ಲಿ ಸುಳಿವು ಕೊಟ್ಟವರೂ ಸರಿ, ತಕರಾರು ತೆಗೆದವರೂ ಸರಿ, ಸುತ್ತು ಮಾತ್ರ ಹಾಳು.

ಆದ್ದರಿಂದ ಸಿನಿಮಾ ವಿಷಯ ಐದನೇ ಸುಳಿವಿನಲ್ಲಿ ಮಾತ್ರ. ಅದೂ ಚಿತ್ರದ ವರ್ಷ, ನಿರ್ದೇಶಕರು, ಹೆಸರು ಬದಲಾಗಿತ್ತೇ ಎಂಬಷ್ಟು.

ಬೆಳವಲದ ಓದು

ಹೆಸರು ಬದಲಾದವನ್ನ ತಗೊಂಡೇ ಒಂದು ಸುತ್ತು ಮಾಡಬಹುದಲ್ಲ? ‘ಜೀವನ ಚೈತ್ರ’ ಚಿತ್ರ ಎಲ್ಲಾರಿಗೂ ಗೊತ್ತು. ಅದರ ಮೂಲ ವಿಶಾಲಾಕ್ಷಿ ದಕ್ಷಿಣಾಮೂರ್ತಿಯವರ ‘ವ್ಯಾಪ್ತಿ ಪ್ರಾಪ್ತಿ’ ಅಂತ ಎಷ್ಟು ಮಂದಿಗೆ ಗೊತ್ತು? ‘ಅನುರಾಗ ಅರಳಿತು’ ಬಂದದ್ದು ಎಚ್.ಜಿ. ರಾಧಾದೇವಿಯವರ ‘ಅನುರಾಗ ಅಂತಃಪುರ’ದಿಂದ. ‘ಕರುಣೆಯೇ ಕುಟುಂಬದ ಕಣ್ಣು’ ನಮ್ಮ ಪುರಾಣಿಕರ ‘ಧರ್ಮದೇವತೆ’. ತ್ರಿವೇಣಿಯವರ ‘ಬೆಕ್ಕಿನ ಕಣ್ಣು’ ಮಲಯಾಳದಾಗ ‘ಪೂಚ್ಚಕ್ಕಣ್ಣಿ’ ಆತು, ತರಾಸು ಅವರ ‘ಹಂಸಗೀತೆ’ 1956ರಾಗ ಹಿಂದಿಗೆ ಹೋಗಿ ‘ಬಸಂತ್ ಬಹಾರ್’ ಆತು. ಚಿತ್ರದ ಹೆಸರು ಕೊಟ್ಟು ಮೂಲ ಕಾದಂಬರಿ ಕೇಳೋದು. ಒಂದು ಹೆಸರಿಗೆ 3 ಅಂಕ ಇಟ್ಟರ ಸಾಕು.

ತೀರದ ಓದುಗಿ

ಇದು ತುಂಬ ಒಳ್ಳೆಯದು. ಮೂಲ ಲೇಖಕಿಯರ ಹೆಸರು ಮತ್ತೆ ನಾಲಿಗೆಗೆ ಬರುತ್ತದೆ.

ದೂರದೂರು

ಹುಡುಕುವ ಯಂತ್ರದ ಕಾಟಕ್ಕೆ ಏನು ಮಾಡುವುದು? ಈಗ ಸುಳಿವನ್ನು ಹಾಗೇ ಒತ್ತಿ ಕೇಳಿದರೆ ಉತ್ತರ ಕೊಡುವ ಯಂತ್ರಗಳೂ ಇವೆ.

ಸುಳಿವುಗಾರ

ಪೂರ್ತಿ ತಡೆಯಲು ಆಗುವುದಿಲ್ಲ, ಕಷ್ಟ ಮಾಡಬಹುದು. ಮೊದಲ ಮೂರು ಸುಳಿವುಗಳಲ್ಲಿ ಅಂಕಿತನಾಮ ಬೇಡವೇ ಬೇಡ: ವ್ಯಕ್ತಿ, ಊರು, ಹೊಳೆ, ಯಾವುದೂ. ‘ಕಪಿಲಾ’ ಎಂದು ಬರೆದರೆ ‘ವಂಶವೃಕ್ಷ’ ತಾನಾಗಿ ಬಂದು ನಿಲ್ಲುತ್ತದೆ. ‘ಹೊಳೆ ತುಂಬಿ ಹರಿಯುವ ಪಟ್ಟಣ’ ಎಂದು ಬರೆದರೆ ಬರುವುದಿಲ್ಲ. ಸುಳಿವು ಹಾಕುವ ಮೊದಲು ನೀವೇ ಅದನ್ನು ಹುಡುಕಿ ನೋಡಿ. ಮೊದಲ ಪುಟದ ಫಲಿತಾಂಶಗಳಲ್ಲಿ ನಿಮ್ಮ ಪುಸ್ತಕ ಕಂಡರೆ ಸುಳಿವು ತಿರುಗಿಸಿ ಬರೆಯಿರಿ.

ರಕ್ಷಾಪುಟದ ಚಿತ್ರ ಕತ್ತರಿಸಿ ಕೊಡುವುದನ್ನೂ ಬಿಟ್ಟುಬಿಡೋಣ. ಮರುಮುದ್ರಣಕ್ಕೊಂದು ರಕ್ಷಾಪುಟ ಬದಲಾಗುತ್ತದೆ, ಹಳೆಯ ಪ್ರತಿ ಇರುವವರಿಗೆ ಗುರುತೇ ಸಿಗುವುದಿಲ್ಲ. ಇತ್ತ ಗೂಗಲ್ ಲೆನ್ಸಿಗೆ ಕಾಲುಭಾಗ ಚಿತ್ರ ಸಾಕು. ಓದಿದವರು ಸೋತು, ಫೋನು ಹಿಡಿದವರು ಗೆಲ್ಲುತ್ತಾರೆ.

ಮಲೆನಾಡ ಮಳೆ

ವರ್ಷದ ಸುಳಿವು ಕೊಡುವುದಾದರೆ ದಶಕ ಮಾತ್ರ ಕೊಡಿ. ಧಾರಾವಾಹಿಯಾಗಿ ಬಂದ ವರ್ಷ ಬೇರೆ, ಪುಸ್ತಕವಾದ ವರ್ಷ ಬೇರೆ ಇರುತ್ತದೆ. ಎರಡನೇ ಮುದ್ರಣದ ಪ್ರತಿಯಲ್ಲಿ ಒಂದೊಂದು ಸಲ ಮೊದಲ ಮುದ್ರಣದ ವರ್ಷವೇ ಇರುವುದಿಲ್ಲ. ಪ್ರಶಸ್ತಿಯ ವರ್ಷವಾದರೂ ಅಷ್ಟೆ: ‘ಚಿಕವೀರ ರಾಜೇಂದ್ರ’ 1956ರದ್ದು, ಜ್ಞಾನಪೀಠದ ವರ್ಷ 1983. ‘ಮೂಕಜ್ಜಿಯ ಕನಸುಗಳು’ 1968, ಜ್ಞಾನಪೀಠ 1977. ಹೊಸಬರು ಪ್ರಶಸ್ತಿಯ ವರ್ಷವನ್ನೇ ಪುಸ್ತಕದ ವರ್ಷ ಎಂದುಕೊಂಡು ಹಿಂದೆ ಹೋಗದೆ ಸುತ್ತುತ್ತಿರುತ್ತಾರೆ.

ಇನ್ನೊಂದು ವಿನಂತಿ. ಕೊನೆಯ ಅಧ್ಯಾಯದಿಂದ ಸುಳಿವು ಬೇಡ. ‘ಕರ್ವಾಲೊ’ ಇನ್ನೂ ಓದದವರು ಈ ಆಟ ನೋಡಿ ಪುಸ್ತಕ ಕೊಳ್ಳಲಿ. ಕೊನೆ ತಿಳಿದುಬಿಟ್ಟರೆ ಅವರ ಪಾಲಿನ ಸುಖ ಕಳೆದಂತೆ.

ಬೆಳವಲದ ಓದು

ಭಾಷಾನೂ ಸುಳಿವು ಆಗ್ತದ. ‘ಕುಸುಮಬಾಲೆ’ಯ ನುಡಿ, ಕಂಬಾರರ ‘ಸಿಂಗಾರೆವ್ವ ಮತ್ತು ಅರಮನೆ’ಯ ನುಡಿ, ರಾವಬಹಾದ್ದೂರರ ‘ಗ್ರಾಮಾಯಣ’ದ ನುಡಿ, ಆಲನಹಳ್ಳಿಯವರ ‘ಪರಸಂಗದ ಗೆಂಡೆತಿಮ್ಮ’ದ ನುಡಿ, ಒಂದಕ್ಕೊಂದು ಸಂಬಂಧ ಇಲ್ಲ. ಪುಸ್ತಕದಾಗ ಇರೋ ಒಂದೆರಡು ಪದ ಕೊಡ್ರಿ ಸಾಕು. ತಾವೇ ಹೊಸದಾಗಿ ಆ ಸೀಮಿ ಮಾತು ಕಟ್ಟಿ ಬರೀಲಿಕ್ಕೆ ಹೋಗಬ್ಯಾಡ್ರಿ. ಮೈಸೂರಿನವರು ಬರೆದ ಬೆಳಗಾವಿ ಮಾತು ನಮಗ ದಿಕ್ಕು ತಪ್ಪಿಸ್ತದ.

ಸುಳಿವುಗಾರ

ಇದನ್ನೂ ಸೇರಿಸಿದೆ. ದೂರದೂರು ಅವರು ಗೆದ್ದ ಸರದಿಯನ್ನು ಬೆಳವಲದವರಿಗೆ ಬಿಟ್ಟುಕೊಟ್ಟಿದ್ದಾರೆ. ಸೋಮವಾರ ಮೂರನೇ ಸುತ್ತು.

ಬೆಳವಲದ ಓದು (ಸೋಮವಾರ, ರಾತ್ರಿ 9)

ಎದುರಾಳಿ ಪಟ್ಟಿ ಮಾಡಿಕೊಂಡೇ ಬಂದೀನಿ, ಸಾಕ್ಷಿ ಕಡೆ ಅದಾವ ಎಲ್ಲಾ. ಸುಳಿವು 1: ಅರಮನೆಯೊಳಗೆ ಒಬ್ಬ ಊಳಿಗದವನು. ಅವನ ಮಾತಿಗೆ ಮಂತ್ರಿಗಳ ಮಾತಿಗಿಂತ ತೂಕ ಹೆಚ್ಚು.

ಮಲೆನಾಡ ಮಳೆ

‘ಸಿಂಗಾರೆವ್ವ ಮತ್ತು ಅರಮನೆ’, ಚಂದ್ರಶೇಖರ ಕಂಬಾರ.

ಬೆಳವಲದ ಓದು

ಅಲ್ಲ.

ಬೆಳವಲದ ಓದು (ಮಂಗಳವಾರ, ರಾತ್ರಿ 9)

ಸುಳಿವು 2: ಆ ಗದ್ದುಗೆಗೆ ಅದೇ ಕೊನೆಯ ಅರಸು.

ತೀರದ ಓದುಗಿ

‘ದುರ್ಗಾಸ್ತಮಾನ’, ತರಾಸು. ಮದಕರಿ ನಾಯಕನೇ ಕೊನೆಯವನು.

ಬೆಳವಲದ ಓದು

ಅಲ್ಲ.

ಬೆಳವಲದ ಓದು (ಬುಧವಾರ, ರಾತ್ರಿ 9)

ಸುಳಿವು 3: ಶೀರ್ಷಿಕೆ ಒಬ್ಬ ಅರಸನ ಹೆಸರು. ಇದೇ ಲೇಖಕರು ಇನ್ನೊಬ್ಬ ಅರಸನ ಹೆಸರಿಟ್ಟೂ ಒಂದು ಕಾದಂಬರಿ ಬರೆದಿದ್ದಾರೆ.

ತೀರದ ಓದುಗಿ

ಹಾಗಾದರೆ ಮಾಸ್ತಿಯವರು. ಎರಡೂ ‘ಚ’ಕಾರದಲ್ಲೇ ಶುರುವಾಗುವುದು. ‘ಚನ್ನಬಸವನಾಯಕ’ ಎನ್ನುತ್ತೇನೆ.

ಬೆಳವಲದ ಓದು

ಅಲ್ಲ.

ದೂರದೂರು

ಓದುಗಿ ಅವರು ಲೇಖಕರನ್ನು ಬಿಡಿಸಿಟ್ಟರು, ಉಳಿದದ್ದು ಒಂದೇ. ಎರಡನೇ ಸುಳಿವಿನ ಜೊತೆಗಿಟ್ಟರೆ ಇನ್ನೂ ಖಚಿತ. ಚನ್ನಬಸವನ ನಂತರವೂ ಬಿದನೂರಿನ ಗದ್ದುಗೆ ರಾಣಿ ವೀರಮ್ಮಾಜಿಯ ಕೈಯಲ್ಲಿತ್ತು, ಹೈದರಾಲಿ ಅದನ್ನು ಗೆದ್ದದ್ದು 1763ರಲ್ಲಿ. ಚಿತ್ರದುರ್ಗವೂ 1779ರಲ್ಲಿ ಹೈದರನಿಗೇ ಹೋಯಿತು. ಕೊನೆಯ ಅರಸನೇ ಶೀರ್ಷಿಕೆಯಾಗಿ, ರಾಜ್ಯ ಕುಂಪಣಿಯ ಪಾಲಾದದ್ದು ಕೊಡಗಿನಲ್ಲಿ, 1834. ಊಳಿಗದವನು ಕುಂಟ ಬಸವ. ‘ಚಿಕವೀರ ರಾಜೇಂದ್ರ’, ಮಾಸ್ತಿ ವೆಂಕಟೇಶ ಅಯ್ಯಂಗಾರ್.

ಬೆಳವಲದ ಓದು

ಸರಿ! ನಾಲ್ಕನೆಯದು ‘ರಾಜ್ಯ ಹೋದದ್ದು ಹೈದರನಿಗಲ್ಲ’ ಅಂತನೇ ಇತ್ತು, ಅದನ್ನ ನೀವೇ ಬಿಡಿಸಿದ್ರಿ. 6 ಅಂಕ.

ಹಳೇ ಕಪಾಟು

ಸಾಕ್ಷಿಯ ಬಳಿಯ ಹಾಳೆಯೊಂದಿಗೆ ಹೊಂದುತ್ತದೆ. ದೂರದೂರು 16, ಮಲೆನಾಡ ಮಳೆ 4. ಒಂದು ತಕರಾರು ಮಾತ್ರ ದಾಖಲಿಸುತ್ತೇನೆ. ಮೂರನೇ ಸುಳಿವಿನ ಎರಡನೇ ವಾಕ್ಯ ಇಲ್ಲದಿದ್ದರೂ ಅದು ಎರಡಕ್ಕೇ ಇಳಿಯುತ್ತಿತ್ತು. ‘ಇದೇ ಲೇಖಕರು ಇನ್ನೊಂದು’ ಎಂದದ್ದು ಮಾಸ್ತಿಯವರನ್ನು ನೇರವಾಗಿ ತೋರಿಸಿತು. ಮುಂದಿನ ಸಲ ಒಂದು ಸುಳಿವಿಗೆ ಒಂದೇ ವಿಷಯ ಇರಲಿ.

ಬೆಳವಲದ ಓದು

ಖರೆ ಅದ, ಒಪ್ಪಿದೆ.

ದೂರದೂರು

ಮುಂದಿನ ಸೋಮವಾರ ನನ್ನ ಸುತ್ತು. ತೀರದ ಓದುಗಿ ಅವರ ಮಾತಿನಂತೆ ಬಾಡಿಗೆ ಗ್ರಂಥಾಲಯದ ಕಡೆಯ ಪುಸ್ತಕ ಇಡುತ್ತೇನೆ. ತ್ರಿವೇಣಿಯವರದ್ದು ಇಡಬೇಕೆಂದಿದ್ದೆ, ಆದರೆ ಮೊದಲ ಸುಳಿವಿಗೆ ‘ಮನೋರೋಗ’ ಎಂದು ಬರೆದು ನೋಡಿದಾಗ ‘ಶರಪಂಜರ’, ‘ಬೆಕ್ಕಿನ ಕಣ್ಣು’ ಎರಡೂ ಬಂದು ನಿಂತವು. ಎದುರಾಳಿ ಪಟ್ಟಿ ಇನ್ನಷ್ಟು ಉದ್ದ ಮಾಡಿಕೊಂಡು ಬರುತ್ತೇನೆ. ಭಾನುವಾರದೊಳಗೆ ಉತ್ತರ, ಪುಟಸಂಖ್ಯೆ ಸಾಕ್ಷಿಗೆ ತಲುಪುತ್ತವೆ.